ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ನೋಯ್ಡಾ ಪ್ರಕರಣವು ಮನೆ ಮನೆಗೆ ಕಲಿಸುವ ಪಾಠ

ಕೊಲೆಯೊಂದು ನಡೆದು, ಕೊಂದವರು ಯಾರೆಂಬುದು ತಿಳಿಯದೆ ಉಳಿದಾಗ ಆ ಊರಿನಲ್ಲಿ ಎರಡು ತನಿಖೆಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಮೊದಲನೆಯದು ಪೊಲೀಸರು ನಡೆಸುವ ತನಿಖೆ. ಅದಕ್ಕೆ ಕಾಯಿದೆಯ ಕಟ್ಟುಪಾಡುಗಳಿವೆ, ದಾಖಲೆಗಳಿವೆ, ನ್ಯಾಯಾಲಯದ ಮುಂದೆ ಉತ್ತರ ಹೇಳಬೇಕಾದ ಹೊಣೆಯಿದೆ. ಎರಡನೆಯದು ಮನೆಯ ಜಗುಲಿಯಲ್ಲಿ, ಹೋಟೆಲಿನ ಮೇಜಿನ ಸುತ್ತ, ಬಸ್ಸಿನ ಸೀಟಿನಲ್ಲಿ, ಮದುವೆಯ ಚಪ್ಪರದಲ್ಲಿ ನಡೆಯುವ ತನಿಖೆ. ಅದಕ್ಕೆ ಕಟ್ಟುಪಾಡಿಲ್ಲ, ದಾಖಲೆಯಿಲ್ಲ, ಯಾರಿಗೂ ಉತ್ತರ ಹೇಳಬೇಕಾದ ಅಗತ್ಯವೂ ಇಲ್ಲ. ಅಲ್ಲಿ ನಾವೆಲ್ಲರೂ ಪತ್ತೇದಾರರು, ನಾವೆಲ್ಲರೂ ವಕೀಲರು, ಕೊನೆಗೆ ನಾವೇ ನ್ಯಾಯಾಧೀಶರು.

ಈ ಎರಡನೆಯ ತನಿಖೆಯನ್ನು ನಿರುಪದ್ರವಿಯಾದ ಕಾಲಹರಣವೆಂದು ನಾವು ಭಾವಿಸುವುದುಂಟು. ಸಂಜೆಯ ಹೊತ್ತು ನಾಲ್ಕು ಜನ ಕೂಡಿ ಆಡಿದ ಮಾತಿನಿಂದ ಯಾರಿಗೆ ಏನಾದೀತು ಎಂಬುದು ನಮ್ಮ ಸಮಾಧಾನ. ಆದರೆ ಆ ಮಾತು ಮನೆಯಿಂದ ಓಣಿಗೆ, ಓಣಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ದೂರದರ್ಶನದ ಪರದೆಗೆ, ಅಲ್ಲಿಂದ ತನಿಖೆಯ ಕಡತಕ್ಕೇ ಹರಿದು ಸೇರಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ದೆಹಲಿಗೆ ಹೊಂದಿಕೊಂಡಿರುವ ನೋಯ್ಡಾ ನಗರದಲ್ಲಿ 2008ರ ಮೇ ತಿಂಗಳಲ್ಲಿ ನಡೆದ ಜೋಡಿ ಕೊಲೆಯ ಪ್ರಕರಣವೇ ಅದು. 'ಆರುಷಿ ಪ್ರಕರಣ'ವೆಂದು ಅದು ದೇಶಕ್ಕೆಲ್ಲ ಪರಿಚಿತವಾಯಿತು. ಅದೇ ರಾತ್ರಿ ಕೊಲೆಯಾದ ಇನ್ನೊಬ್ಬರ ಹೆಸರು ಆ ಪ್ರಕರಣದ ಹೆಸರಿನಲ್ಲಿಯೂ ಸೇರಲಿಲ್ಲ ಎಂಬುದನ್ನು ಓದುಗರು ಆರಂಭದಲ್ಲಿಯೇ ಗಮನಿಸಬೇಕೆಂದು ನಾವು ಕೋರುತ್ತೇವೆ.

ಆ ರಾತ್ರಿ, ಆ ಮನೆ

ನೋಯ್ಡಾದ ಜಲವಾಯು ವಿಹಾರ ಎಂಬ ಬಡಾವಣೆಯ ಒಂದು ಮನೆಯಲ್ಲಿ ದಂತವೈದ್ಯ ದಂಪತಿಗಳು ತಮ್ಮ ಏಕಮಾತ್ರ ಪುತ್ರಿಯೊಡನೆ ವಾಸಿಸುತ್ತಿದ್ದರು. ಮಗಳು ಆರುಷಿಗೆ ಮೇ 24ಕ್ಕೆ ಹದಿನಾಲ್ಕು ವರ್ಷ ತುಂಬುವುದಿತ್ತು. ಅವಳಿಗೆಂದು ತರಿಸಿದ್ದ ಕ್ಯಾಮೆರಾವನ್ನು ಹುಟ್ಟುಹಬ್ಬಕ್ಕೆ ಮುಂಚಿತವಾಗಿಯೇ, ಮೇ 15ರ ರಾತ್ರಿ, ತಂದೆತಾಯಿ ಉಡುಗೊರೆಯಾಗಿ ಕೊಟ್ಟಿದ್ದರು. ಮನೆಯಲ್ಲಿ ಅಡುಗೆ ಮತ್ತು ಇತರ ಕೆಲಸಗಳಿಗೆ ಹೇಮರಾಜ್ ಎಂಬ ನೇಪಾಳ ಮೂಲದ ಮಧ್ಯವಯಸ್ಕರಿದ್ದರು. ಅವರು ಮಲಗುವ ಕೊಠಡಿಯೂ ಅದೇ ಮನೆಗೆ ಸೇರಿತ್ತು. ಅದಕ್ಕೆ ಹೊರಗಿನಿಂದಲೂ ಒಂದು ಬಾಗಿಲಿತ್ತು.

ಮೇ 16ರ ಬೆಳಗ್ಗೆ ಮನೆಗೆಲಸದ ಹೆಣ್ಣುಮಗಳು ಬಂದು ಕರೆಗಂಟೆ ಒತ್ತಿದ ಬಳಿಕ, ಆರುಷಿಯು ತನ್ನ ಹಾಸಿಗೆಯ ಮೇಲೆ ಕೊಲೆಯಾಗಿ ಬಿದ್ದಿರುವುದು ಬೆಳಕಿಗೆ ಬಂತು. ಹೇಮರಾಜ್ ಅವರು ಮನೆಯಲ್ಲಿರಲಿಲ್ಲ. ಇಷ್ಟು ತಿಳಿದದ್ದೇ ಸಾಕಾಯಿತು. ಮನೆಯ ಆಳು ಕಾಣೆಯಾಗಿದ್ದಾನೆ, ಆದ್ದರಿಂದ ಅವನೇ ಕೊಂದು ಓಡಿಹೋಗಿದ್ದಾನೆ ಎಂಬ ತೀರ್ಮಾನವು ಆ ಬೆಳಗ್ಗೆಯೇ ಸಿದ್ಧವಾಯಿತು. ಮನೆಯವರಿಗೆ ಹಾಗೆನಿಸಿತು, ನೆರೆಯವರಿಗೂ ಹಾಗೆನಿಸಿತು, ಪೊಲೀಸರಿಗೂ ಬೇರೆ ತೋರಲಿಲ್ಲ. ಹೇಮರಾಜ್ ಅವರ ಸುಳಿವು ಕೊಟ್ಟವರಿಗೆ 20,000 ರೂಪಾಯಿ ಬಹುಮಾನವನ್ನೂ ಸಾರಲಾಯಿತು.

ಇತ್ತ ಮನೆಯೊಳಗೆ ಜನಸಂದಣಿ ನೆರೆಯಿತು. ಬಂಧುಗಳು, ಸ್ನೇಹಿತರು, ನೆರೆಹೊರೆಯವರು, ಪತ್ರಿಕೆಯವರು ಎಲ್ಲರೂ ಕೋಣೆ ಕೋಣೆಗಳಲ್ಲಿ ತಿರುಗಾಡಿದರು. ಸಾಂತ್ವನ ಹೇಳಲೆಂದು ಬಂದವರು ಕೆಲವರು, ಕುತೂಹಲದಿಂದ ಬಂದವರು ಕೆಲವರು. ಕೊಲೆ ನಡೆದ ಸ್ಥಳವನ್ನು ಸುತ್ತುಗಟ್ಟಿ ರಕ್ಷಿಸಬೇಕಾದವರು ಅದನ್ನು ಮಾಡಲಿಲ್ಲ. ಎತ್ತಿಕೊಂಡ ಬೆರಳಚ್ಚುಗಳಲ್ಲಿ ಬಹುಪಾಲು ಪ್ರಯೋಜನಕ್ಕೆ ಬಾರದಾದವು. ತಾರಸಿಗೆ ಹೋಗುವ ಬಾಗಿಲಿನ ಬಳಿ ರಕ್ತದ ಗುರುತುಗಳಿದ್ದುದು ಕೆಲವರ ಕಣ್ಣಿಗೆ ಬಿದ್ದಿತಾದರೂ, ಬಾಗಿಲಿಗೆ ಬೀಗವಿದ್ದು ಕೀಲಿಕೈ ಸಿಗದ್ದರಿಂದ ಆ ದಿನ ಅದನ್ನು ತೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಬಾಲಕಿಯ ಹಾಸಿಗೆಯನ್ನು ತಾರಸಿಯ ಮೇಲಿಡಲೆಂದು ಹೊತ್ತೊಯ್ದವರು ಬೀಗವನ್ನು ಕಂಡು ಪಕ್ಕದ ತಾರಸಿಯ ಮೇಲಿಟ್ಟು ಬಂದರು.

ಮರುದಿನ, ಮೇ 17ರ ಬೆಳಗ್ಗೆ, ಆ ಬೀಗವನ್ನು ಒಡೆಯಲಾಯಿತು. ತಾರಸಿಯ ಮೇಲೆ ಬೇಸಿಗೆಯ ಬಿಸಿಲಿನಲ್ಲಿ ಹೇಮರಾಜ್ ಅವರ ಶವ ಬಿದ್ದಿತ್ತು.

ಸತ್ತವರೇ ಆರೋಪಿ

ಈ ಒಂದು ಸಂಗತಿಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ದಿನವಿಡೀ ದೇಶವು ಯಾರನ್ನು ಕೊಲೆಗಡುಕನೆಂದು ಕರೆಯಿತೋ ಆ ವ್ಯಕ್ತಿಯು ತಾನೇ ಕೊಲೆಯಾಗಿ, ಆರೋಪ ಹೊರಿಸುತ್ತಿದ್ದವರ ತಲೆಯ ಮೇಲಿನ ತಾರಸಿಯಲ್ಲಿಯೇ ಮಲಗಿದ್ದರು. ಕೆಲವು ಮೆಟ್ಟಿಲುಗಳನ್ನು ಹತ್ತಿ ಒಂದು ಬೀಗವನ್ನು ಒಡೆದಿದ್ದರೆ ಸತ್ಯವು ಅದೇ ಬೆಳಗ್ಗೆ ತಿಳಿಯುತ್ತಿತ್ತು. ಆದರೆ ತಿಳಿಯುವ ಮೊದಲೇ ತೀರ್ಮಾನವಾಗಿದ್ದುದರಿಂದ ಮೆಟ್ಟಿಲು ಹತ್ತುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಊಹೆಯು ಸುಳ್ಳಾಗುವುದಷ್ಟೇ ಅದರ ದೋಷವಾಗಿದ್ದರೆ ಅದನ್ನು ಕ್ಷಮಿಸಬಹುದಿತ್ತು. ಕಣ್ಣೆದುರಿನ ರಕ್ತದ ಗುರುತನ್ನೂ ಕಾಣದಂತೆ ಮಾಡುವ ಶಕ್ತಿ ಅದಕ್ಕಿರುವುದೇ ಭಯಂಕರವಾದುದು.

ಮನೆಯಲ್ಲಿ ಉಂಗುರವೊಂದು ಕಾಣದಾದರೆ ನಮ್ಮ ದೃಷ್ಟಿ ಮೊದಲು ಯಾರ ಕಡೆಗೆ ಹರಿಯುತ್ತದೆ? ಪಾತ್ರೆ ತೊಳೆಯುವವಳ ಕಡೆಗೆ, ತೋಟದ ಆಳಿನ ಕಡೆಗೆ, ಇತ್ತೀಚೆಗೆ ಕೆಲಸಕ್ಕೆ ಸೇರಿದ ಪರವೂರಿನ ಹುಡುಗನ ಕಡೆಗೆ. ಉಂಗುರವು ನಂತರ ದಿಂಬಿನ ಕೆಳಗೆ ಸಿಕ್ಕಾಗ ನಾವು ಸಮಾಧಾನ ಹೊಂದುತ್ತೇವೆ. ಆದರೆ ಅನುಮಾನಕ್ಕೆ ಗುರಿಯಾದವರ ಮನಸ್ಸಿನ ಗಾಯವನ್ನು ವಿಚಾರಿಸುವುದಿಲ್ಲ. ಹೇಮರಾಜ್ ಅವರ ಪತ್ನಿ ಮತ್ತು ಬಂಧುಗಳು ನೇಪಾಳದಲ್ಲಿದ್ದರು. ದುಡಿಮೆಗೆಂದು ಪರದೇಶಕ್ಕೆ ಹೋದ ಮನೆಯ ಯಜಮಾನನು ಕೊಲೆಗಾರನೆಂಬ ಸುದ್ದಿಯೂ, ಆತನೇ ಕೊಲೆಯಾದನೆಂಬ ಸುದ್ದಿಯೂ ಒಂದರ ಬೆನ್ನಿಗೊಂದು ಹೊರಟ ಆ ಎರಡು ದಿನಗಳು ಅಂಥ ಕುಟುಂಬಕ್ಕೆ ಏನಾಗಿರಬಹುದೆಂದು ಪರವೂರಿಗೆ ಮಕ್ಕಳನ್ನು ಕಳುಹಿಸಿರುವ ನಮ್ಮ ಮನೆಗಳವರು ಊಹಿಸಬಲ್ಲರು.

ವೃತ್ತಿಗೊಂದು ಆಯುಧ

ಮೊದಲ ಊಹೆ ಬಿದ್ದುಹೋದೊಡನೆ ಜನರು ಮೌನವಾಗಬೇಕಿತ್ತು. ಹಾಗಾಗಲಿಲ್ಲ, ಖಾಲಿಯಾದ ಜಾಗಕ್ಕೆ ಇನ್ನೊಂದು ಊಹೆ ಬಂದು ಕುಳಿತಿತು. ಮನೆಯೊಳಗೆ ಇದ್ದವರು ನಾಲ್ವರು, ಇಬ್ಬರು ಸತ್ತರು, ಆದ್ದರಿಂದ ಉಳಿದ ಇಬ್ಬರೇ ಕೊಂದರು ಎಂಬ ಲೆಕ್ಕ ಅದು. ಮೇ 23ರಂದು ಪೊಲೀಸರು ಬಾಲಕಿಯ ತಂದೆಯನ್ನು ಬಂಧಿಸಿದರು. ಮಗಳು ಬದುಕಿದ್ದರೆ ಮರುದಿನವೇ ಅವಳ ಹದಿನಾಲ್ಕನೆಯ ಹುಟ್ಟುಹಬ್ಬವಾಗಿರುತ್ತಿತ್ತು.

ಅಂದು ಪತ್ರಿಕಾಗೋಷ್ಠಿ ನಡೆಸಿದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು, ಸತ್ತ ಆ ಮಗುವಿನ ನಡತೆಯನ್ನೇ ಕೊಲೆಗೆ ಕಾರಣವಾಗಿ ಸೂಚಿಸುವ ಕಥೆಯನ್ನು ಹೇಳಿದರು. ಆಡುವಾಗ ಬಾಲಕಿಯ ಹೆಸರನ್ನೂ ಅವರು ತಪ್ಪಾಗಿ ಉಚ್ಚರಿಸಿದರು. ಹೆಸರನ್ನೂ ಸರಿಯಾಗಿ ಅರಿಯದವರು ನಡತೆಯನ್ನು ಅರಿತಿದ್ದರೆಂದು ದೇಶ ನಂಬಿತು. ಹೆಣ್ಣುಮಗುವೊಂದು ಸತ್ತಾಗ ಅವಳ ಪಕ್ಷದಲ್ಲಿ ಮಾತನಾಡಲು ಅವಳಿರುವುದಿಲ್ಲ. ಆ ಮೌನವನ್ನೇ ಒಪ್ಪಿಗೆಯೆಂದು ಬಗೆಯುವ ಲೋಕದ ಕ್ರೌರ್ಯವು ಆ ವಾರಗಳಲ್ಲಿ ತನ್ನ ಪೂರ್ಣ ರೂಪವನ್ನು ತೋರಿತು.

ಆಯುಧದ ಬಗೆಗಿನ ಊಹೆಗಳು ಇನ್ನೂ ಬೋಧಪ್ರದವಾಗಿವೆ. ನೇಪಾಳದ ಕೆಲಸಗಾರರ ಮೇಲೆ ಸಂಶಯವಿದ್ದಾಗ ಆಯುಧವು ಖುಕ್ರಿಯಾಯಿತು. ದಂತವೈದ್ಯರ ಮೇಲೆ ಸಂಶಯ ತಿರುಗಿದಾಗ ಅದು ಶಸ್ತ್ರಚಿಕಿತ್ಸೆಯ ಚಾಕುವಾಯಿತು, ಅದರ ಜೊತೆಗೆ ಗಾಲ್ಫ್ ಆಟದ ಕೋಲೂ ಸೇರಿತು. ಗಾಯವನ್ನು ನೋಡಿ ಆಯುಧವನ್ನೂ, ಆಯುಧವನ್ನು ನೋಡಿ ಕೈಯನ್ನೂ ಹುಡುಕುವುದು ತನಿಖೆಯ ಕ್ರಮ. ಇಲ್ಲಿ ಕ್ರಮವು ತಲೆಕೆಳಗಾಯಿತು. ಮೊದಲು ಮನುಷ್ಯನನ್ನು ಆರಿಸಿ, ಅವನ ದೇಶಕ್ಕೋ ವೃತ್ತಿಗೋ ಹೊಂದುವ ಆಯುಧವನ್ನು ಅನಂತರ ಅವನ ಕೈಗೆ ಕೊಡಲಾಯಿತು. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಿಲ್ಲ.

ಅಳದ ತಾಯಿ

ಈ ಪ್ರಕರಣದಲ್ಲಿ ಮನೆ ಮನೆಯ ಪತ್ತೇದಾರರು ಅತಿ ಹೆಚ್ಚು ಚರ್ಚಿಸಿದ ವಿಷಯ ರಕ್ತದ ಕಲೆಯೂ ಅಲ್ಲ, ಬೀಗವೂ ಅಲ್ಲ, ತಾಯಿಯ ಕಣ್ಣೀರು. ದೂರದರ್ಶನದ ಸಂದರ್ಶನದಲ್ಲಿ ತಾಯಿಯು ಅಳಲಿಲ್ಲವೆಂಬುದನ್ನು ಲಕ್ಷಾಂತರ ಜನರು ಕಂಡರು, ಕಂಡದ್ದನ್ನೇ ಸಾಕ್ಷ್ಯವೆಂದು ಬಗೆದರು. ಹೆತ್ತ ಕರುಳು ಹಾಗೆ ಕೂರಲು ಸಾಧ್ಯವೇ ಎಂದು ತಾಯಂದಿರೇ ಕೇಳಿದರು.

ಸಾವಿನ ಮನೆಯಲ್ಲಿ ಯಾರು ಎಷ್ಟು ಅತ್ತರೆಂದು ಲೆಕ್ಕವಿಡುವ ಅಭ್ಯಾಸ ನಮ್ಮಲ್ಲಿಯೂ ಇದೆ. ಸೊಸೆ ಅಳದಿದ್ದರೆ ಒಂದು ಮಾತು, ಹೆಚ್ಚು ಅತ್ತರೆ ಇನ್ನೊಂದು ಮಾತು. ಆದರೆ ಅನುಭವಸ್ಥರಾದ ಹಿರಿಯರು ಬಲ್ಲರು: ದುಃಖಕ್ಕೆ ಒಂದೇ ಮುಖವಿಲ್ಲ. ಗಂಡ ತೀರಿದ ದಿನ ಬಂದವರಿಗೆಲ್ಲ ನೀರು ಕೊಟ್ಟು, ಮಕ್ಕಳಿಗೆ ಉಣಬಡಿಸಿ, ಮೂರು ತಿಂಗಳ ನಂತರ ಅವನ ಹಳೆಯ ಅಂಗಿಯನ್ನು ಕಂಡು ಕುಸಿದು ಅತ್ತ ಹೆಣ್ಣುಮಕ್ಕಳು ಯಾವ ಊರಿನಲ್ಲಿಲ್ಲ? ಆಘಾತದಲ್ಲಿ ಕಲ್ಲಾಗುವವರಿದ್ದಾರೆ, ಅರ್ಥವಿಲ್ಲದೆ ಮಾತನಾಡುವವರಿದ್ದಾರೆ, ಕೆಲಸದಲ್ಲಿ ಮುಳುಗುವವರಿದ್ದಾರೆ. ಮುಖವನ್ನು ಓದಿ ಹೃದಯವನ್ನು ಅಳೆಯುವ ಮಾಪನ ಇದುವರೆಗೆ ಯಾರ ಬಳಿಯೂ ಇಲ್ಲ. ಕಣ್ಣೀರು ಬಂದರೆ ನಿರಪರಾಧಿ, ಬಾರದಿದ್ದರೆ ಅಪರಾಧಿ ಎಂಬ ನಿಯಮವು ಯಾವ ಕಾಯಿದೆಯ ಪುಸ್ತಕದಲ್ಲಿಯೂ ಬರೆದಿಲ್ಲ.

ಇದೇ ಬಗೆಯ ಇನ್ನೊಂದು ಚರ್ಚೆ ಶಬ್ದದ ಕುರಿತಾದುದು. ಪಕ್ಕದ ಕೋಣೆಯಲ್ಲಿ ಕೊಲೆ ನಡೆಯುವಾಗ ತಂದೆತಾಯಿ ಎಚ್ಚರಗೊಳ್ಳಲಿಲ್ಲವೇಕೆ ಎಂಬುದು ಪ್ರಶ್ನೆ. ಹವಾನಿಯಂತ್ರಕ ಯಂತ್ರ ಸದ್ದು ಮಾಡುತ್ತಿತ್ತು, ನಿದ್ರಿಸುತ್ತಿದ್ದೆವು ಎಂಬುದು ಅವರ ಉತ್ತರ. ಇದು ಕೇಳಲೇಬೇಕಾದ ಪ್ರಶ್ನೆ ನಿಜ. ಆದರೆ ಪ್ರಶ್ನೆಯನ್ನು ಕೇಳುವುದು ಬೇರೆ, ಪ್ರಶ್ನೆಯನ್ನೇ ಉತ್ತರವೆಂದು ಸಾರುವುದು ಬೇರೆ.

ಬೆಂಗಳೂರಿನ ಪ್ರಯೋಗಾಲಯ

2008ರ ಜೂನ್ ತಿಂಗಳ ಆರಂಭದಲ್ಲಿ ಪ್ರಕರಣವು ಕೇಂದ್ರೀಯ ತನಿಖಾ ದಳದ ಕೈಸೇರಿತು. ಆ ದಳದ ಮೊದಲ ತಂಡವು ತಂದೆತಾಯಿಯನ್ನು ಬಿಟ್ಟು, ಸಹಾಯಕ ಕೆಲಸಗಳಲ್ಲಿದ್ದ ಮೂವರು ಯುವಕರ ಕಡೆಗೆ ಸಂಶಯವನ್ನು ತಿರುಗಿಸಿತು. ಆ ಮೂವರ ಮೇಲಿನ ಆರೋಪವು ನ್ಯಾಯಾಲಯದಲ್ಲಿ ಎಂದೂ ಸಿದ್ಧವಾಗಲಿಲ್ಲವಾದ್ದರಿಂದ ಅವರ ಹೆಸರುಗಳನ್ನು ನಾವು ಇಲ್ಲಿ ಬರೆಯುವುದಿಲ್ಲ.

ಈ ಘಟ್ಟದಲ್ಲಿ ಪ್ರಕರಣಕ್ಕೂ ನಮ್ಮ ನಾಡಿಗೂ ಒಂದು ನಂಟು ಉಂಟಾಯಿತು. ಶಂಕಿತರಿಗೆ ಔಷಧಿ ನೀಡಿ ಅರೆಪ್ರಜ್ಞೆಯಲ್ಲಿ ಮಾತನಾಡಿಸುವ ಮಂಪರು ಪರೀಕ್ಷೆಗೆ ಆ ಕಾಲದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ದೇಶದಲ್ಲೆಲ್ಲ ಹೆಸರಾಗಿತ್ತು. ಈ ಪ್ರಕರಣದ ಶಂಕಿತನನ್ನೂ ಅಲ್ಲಿಗೆ ಕರೆತರಲಾಯಿತು. ಮಂಪರಿನಲ್ಲಿ ಆಡಿದರೆನ್ನಲಾದ ಮಾತುಗಳು ಪತ್ರಿಕೆಗಳಿಗೂ ದೂರದರ್ಶನ ವಾಹಿನಿಗಳಿಗೂ ಆಹಾರವಾದವು. ಜನರು ಸತ್ಯವೇ ಹೊರಬಿದ್ದಿತೆಂದು ಭಾವಿಸಿದರು.

ಆದರೆ ಮಂಪರಿನಲ್ಲಿ ಆಡುವ ಮಾತು ನಿಜವೇ ಆಗಿರಬೇಕೆಂಬ ನಿಯಮವಿಲ್ಲ. ಔಷಧಿಯು ಮನಸ್ಸಿನ ಕಡಿವಾಣವನ್ನು ಸಡಿಲಿಸುತ್ತದೆ. ಅದರೊಡನೆ ಕಲ್ಪನೆಯೂ ಭಯವೂ ಕೇಳಿದವರು ಸೂಚಿಸಿದ ಮಾತೂ ಹೊರಬರುತ್ತವೆ. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂಬ ಸಂವಿಧಾನದ ರಕ್ಷಣೆಯನ್ನು ಅದು ಎತ್ತಿಹಿಡಿಯಿತು. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬುದೇ ಆ ಮೊಕದ್ದಮೆಯ ಹೆಸರು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಮಾತುಗಳೂ ತಾವಾಗಿಯೇ ಸಾಕ್ಷ್ಯವಾಗಲಾರವೆಂದು ಆ ತೀರ್ಪು ಹೇಳುತ್ತದೆ.

ತಂದೆಯು ಐವತ್ತು ದಿನಗಳ ಸೆರೆವಾಸದ ನಂತರ ಆ ವರ್ಷದ ಜುಲೈನಲ್ಲಿ ಬಿಡುಗಡೆ ಹೊಂದಿದರು. ಕಾಲಮಿತಿಯೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದ್ದರಿಂದ ಮೂವರು ಯುವಕರೂ ಜಾಮೀನಿನ ಮೇಲೆ ಹೊರಬಂದರು.

ಸರಪಳಿಯ ಕೊಂಡಿಗಳು

ಮುಂದೆ ತನಿಖಾ ದಳದ ಎರಡನೆಯ ತಂಡ ಬಂತು. ಸಂಶಯವು ಮತ್ತೆ ತಂದೆತಾಯಿಯ ಕಡೆಗೆ ತಿರುಗಿತು. 2010ರ ಡಿಸೆಂಬರಿನಲ್ಲಿ ಆ ತಂಡವು, ತಂದೆಯ ಮೇಲೆ ಸಂಶಯವಿದ್ದರೂ ಮೊಕದ್ದಮೆ ಹೂಡಲು ಸಾಕಷ್ಟು ಸಾಕ್ಷ್ಯವಿಲ್ಲವೆಂದು ಮುಕ್ತಾಯ ವರದಿಯನ್ನು ಸಲ್ಲಿಸಿತು. 2011ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆ ವರದಿಯನ್ನು ತಳ್ಳಿಹಾಕಿ, ದಂಪತಿಗಳಿಬ್ಬರೂ ವಿಚಾರಣೆಯನ್ನು ಎದುರಿಸಬೇಕೆಂದಿತು.

ಈ ನಡುವೆ, 2011ರ ಜನವರಿ 25ರಂದು, ಗಾಜಿಯಾಬಾದಿನ ನ್ಯಾಯಾಲಯದ ಆವರಣದಲ್ಲಿಯೇ ಯುವಕನೊಬ್ಬ ತಂದೆಯ ಮೇಲೆ ಮಚ್ಚಿನಿಂದ ಎರಗಿ ಮುಖಕ್ಕೆ ಗಾಯ ಮಾಡಿದನು. ಆ ಯುವಕನಿಗೂ ಆ ಕುಟುಂಬಕ್ಕೂ ಯಾವ ಸಂಬಂಧವೂ ಇರಲಿಲ್ಲ. ವಿಚಾರಣೆ ಆರಂಭವಾಗುವ ಮೊದಲೇ ಅವನ ಮನಸ್ಸಿನಲ್ಲಿ ತೀರ್ಪು ಮುಗಿದಿತ್ತು. ನಾವು ಹರಟೆಯಾಗಿ ಆಡುವ ಮಾತನ್ನು ಎಲ್ಲರೂ ಹರಟೆಯಾಗಿಯೇ ಕೇಳುತ್ತಾರೆಂಬ ಭರವಸೆಯಿಲ್ಲ. ಕೇಳಿದವರಲ್ಲಿ ಒಬ್ಬನು ಅದನ್ನು ಆಯುಧವಾಗಿ ಹಿಡಿದರೆ ಹೊಣೆ ಯಾರದು?

2013ರ ನವೆಂಬರ್ 25ರಂದು ವಿಚಾರಣಾ ನ್ಯಾಯಾಲಯವು ದಂಪತಿಗಳನ್ನು ಅಪರಾಧಿಗಳೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ನಾಲ್ಕು ವರ್ಷಗಳ ಬಳಿಕ, 2017ರ ಅಕ್ಟೋಬರ್ 12ರಂದು, ಅಲಹಾಬಾದ್ ಉಚ್ಚ ನ್ಯಾಯಾಲಯವು ಇಬ್ಬರನ್ನೂ ದೋಷಮುಕ್ತಗೊಳಿಸಿತು. ಹೊರಗಿನವರು ಯಾರೂ ಮನೆಯೊಳಗೆ ಬಂದಿರಲು ಸಾಧ್ಯವೇ ಇರಲಿಲ್ಲವೆಂಬುದು ಸಿದ್ಧವಾಗಿಲ್ಲ, ಆದ್ದರಿಂದ ನಾಲ್ವರಲ್ಲಿ ಇಬ್ಬರನ್ನು ಕಳೆದರೆ ಉಳಿದವರೇ ಅಪರಾಧಿಗಳೆಂಬ ಲೆಕ್ಕ ನಿಲ್ಲದು ಎಂಬುದು ಆ ತೀರ್ಪಿನ ಮುಖ್ಯಾಂಶ. ಕೆಳಗಿನ ನ್ಯಾಯಾಧೀಶರು ಗಣಿತದ ಉಪಾಧ್ಯಾಯರು ಲೆಕ್ಕ ಬಿಡಿಸುವಂತೆಯೂ, ಚಿತ್ರ ನಿರ್ದೇಶಕರು ಚದುರಿದ ದೃಶ್ಯಗಳನ್ನು ಹೊಲಿದು ಕಥೆ ಕಟ್ಟುವಂತೆಯೂ ನಡೆದುಕೊಂಡಿದ್ದಾರೆಂದು ಉಚ್ಚ ನ್ಯಾಯಾಲಯವು ಆಕ್ಷೇಪಿಸಿತು. ಓಣಿಯ ಪತ್ತೇದಾರಿಕೆಯು ನ್ಯಾಯಪೀಠದವರೆಗೂ ಏರಬಲ್ಲದೆಂಬುದಕ್ಕೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಇರಲಾರದು.

ವಿಚಾರಣೆಯಲ್ಲಿ ನಡೆದ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹ. ಬೆಳಗ್ಗೆ ಮೊದಲು ಬಂದ ಮನೆಗೆಲಸದ ಹೆಣ್ಣುಮಗಳು, ತನಗೆ ಹೇಳಿಕೊಟ್ಟಿರುವುದನ್ನೇ ಹೇಳುತ್ತಿರುವುದಾಗಿ ನ್ಯಾಯಾಲಯದಲ್ಲಿ ನುಡಿದರು. ಇನ್ನೊಂದು, ಸಹಾಯಕರಲ್ಲೊಬ್ಬರ ಕೊಠಡಿಯಿಂದ ವಶಪಡಿಸಿಕೊಂಡ ದಿಂಬಿನ ಕವಚದ ಮೇಲೆ ಹೇಮರಾಜ್ ಅವರ ರಕ್ತವಿತ್ತೆಂದು ಹೈದರಾಬಾದಿನ ಪ್ರಯೋಗಾಲಯದ ವರದಿಯಲ್ಲಿತ್ತು. ಅದು ಬೆರಳಚ್ಚು ಯಂತ್ರದ ದೋಷವೆಂದೂ ವಸ್ತುಗಳ ಚೀಟಿಗಳು ಅದಲುಬದಲಾದುವೆಂದೂ ವರ್ಷಗಳ ಅನಂತರ ವಿವರಣೆ ಬಂತು. ಒಂದು ಚೀಟಿಯ ಮೇಲಿನ ಬರಹವೇ ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ಸಿಲುಕಿಸಬಲ್ಲ ಇಂಥ ಕಡೆ, ಕಡತವನ್ನೇ ಕಾಣದ ನಾವು ಖಚಿತವಾಗಿ ಮಾತನಾಡುವುದು ಎಷ್ಟು ಸಮಂಜಸ?

ಕಣ್ಣಾರೆ ಕಂಡ ಸಾಕ್ಷಿಯಿಲ್ಲದ ಪ್ರಕರಣಗಳಲ್ಲಿ ಸಾಂದರ್ಭಿಕ ಸಾಕ್ಷ್ಯವನ್ನು ಹೇಗೆ ತೂಗಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಮೊಕದ್ದಮೆಯ ತೀರ್ಪಿನಲ್ಲಿ ಐದು ಸೂತ್ರಗಳಾಗಿ ವಿವರಿಸಿದೆ. ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸಿದ್ಧವಾಗಿರಬೇಕು. ಅವು ಆರೋಪಿಯ ಅಪರಾಧಕ್ಕೆ ಮಾತ್ರ ಹೊಂದುವಂತಿರಬೇಕು. ಅವು ನಿರ್ಣಾಯಕ ಸ್ವರೂಪದವಾಗಿರಬೇಕು. ಬೇರೆ ಪ್ರತಿಯೊಂದು ಸಾಧ್ಯತೆಯನ್ನೂ ಅವು ಅಲ್ಲಗಳೆಯಬೇಕು. ಕೊನೆಯದಾಗಿ, ನಿರಪರಾಧಿಯಾಗಿರಬಹುದೆಂಬ ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ಸರಪಳಿಯು ಅಖಂಡವಾಗಿರಬೇಕು. 'ಮಾಡಿರಬಹುದು' ಎಂಬುದಕ್ಕೂ 'ಮಾಡಿರಲೇಬೇಕು' ಎಂಬುದಕ್ಕೂ ನಡುವಿನ ದೂರ ಬಹಳ ದೊಡ್ಡದು. ನಮ್ಮ ಜಗುಲಿಯ ತೀರ್ಪುಗಳೆಲ್ಲ 'ಮಾಡಿರಬಹುದು' ಎಂಬಲ್ಲಿಯೇ ಮುಗಿಯುತ್ತವೆ.

ಕೇಂದ್ರೀಯ ತನಿಖಾ ದಳವೂ, ಹೇಮರಾಜ್ ಅವರ ಪತ್ನಿಯೂ ಈ ಬಿಡುಗಡೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2018ರಲ್ಲಿ ನ್ಯಾಯಾಲಯವು ಮೇಲ್ಮನವಿಯನ್ನು ಆಲಿಸಲು ಒಪ್ಪಿತು. ಆರುಷಿಯನ್ನೂ ಹೇಮರಾಜ್ ಅವರನ್ನೂ ಕೊಂದವರು ಯಾರೆಂಬ ಪ್ರಶ್ನೆಗೆ 2017ರ ತೀರ್ಪು ಉತ್ತರ ನೀಡಲಿಲ್ಲ; ನೀಡಲು ಅದರ ಮುಂದೆ ಸಾಕ್ಷ್ಯವಿರಲಿಲ್ಲ.

ಕೇಳುವ ಹಕ್ಕು, ಹೇಳುವ ಹೊಣೆ

ಹಾಗಾದರೆ ಸಾಮಾನ್ಯ ಜನರು ಬಾಯಿ ಮುಚ್ಚಿಕೊಂಡಿರಬೇಕೇ, ಅನ್ಯಾಯವನ್ನು ಕಂಡೂ ಸುಮ್ಮನಿರಬೇಕೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 1999ರಲ್ಲಿ ದೆಹಲಿಯಲ್ಲಿ ಜೆಸ್ಸಿಕಾ ಲಾಲ್ ಎಂಬ ತರುಣಿಯನ್ನು ಅನೇಕರ ಎದುರಿನಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದು 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದಾಗ ಜನರು ಬೀದಿಗಿಳಿದು ಪ್ರಶ್ನಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಮುಖ್ಯ ಆರೋಪಿಗೆ ಶಿಕ್ಷೆ ವಿಧಿಸಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಜನರ ಧ್ವನಿಗೆ ಅಂಥ ಬೆಲೆಯಿದೆ.

ಎರಡು ಪ್ರಕರಣಗಳ ಅಂತರವನ್ನು ನಾವು ವಿವೇಚಿಸಬೇಕು. ದೆಹಲಿಯ ಜನರು ಊಹೆಯಿಂದ ಅಪರಾಧಿಯನ್ನು ಹುಡುಕಲು ಹೊರಟಿರಲಿಲ್ಲ. ಇರುವ ಸಾಕ್ಷ್ಯವನ್ನು ನ್ಯಾಯಾಲಯವು ಸರಿಯಾಗಿ ತೂಗಲಿ ಎಂದು ಕೇಳಿದರು. ನೋಯ್ಡಾದ ವಿಷಯದಲ್ಲಿ ಸಾಕ್ಷ್ಯಕ್ಕೆ ಮೊದಲೇ ಹೆಸರು ಬಂತು. 'ತನಿಖೆ ಸರಿಯಾಗಿ ನಡೆಯಲಿ' ಎನ್ನುವುದು ಪ್ರಜೆಯ ಹಕ್ಕು. 'ಇಂಥವನೇ ಮಾಡಿದ್ದಾನೆ' ಎನ್ನುವುದು ಸಾಕ್ಷ್ಯವಿರುವವರಿಗೆ ಮಾತ್ರ ಸಲ್ಲುವ ಮಾತು. ಅದನ್ನಾದರೂ ಹೇಳಬೇಕಾದ ಜಾಗ ಠಾಣೆ ಮತ್ತು ನ್ಯಾಯಾಲಯ.

ನಮ್ಮ ಓಣಿಯಲ್ಲಿ ಇಂಥದು ಒದಗಿದರೆ

ಅಂಥ ದುರ್ದಿನ ಯಾರಿಗೂ ಬಾರದಿರಲಿ. ಆದರೂ ಒದಗಿದಲ್ಲಿ ನೆರೆಹೊರೆಯವರಾಗಿ ನಾವು ಮಾಡಬಹುದಾದ ಉಪಕಾರಗಳಿವೆ. ಮೊದಲು 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬೇಕು. ಗಾಯಗೊಂಡವರಿಗೆ ನೆರವಾಗುವ ಅಗತ್ಯವಿದ್ದರೆ ಹೊರತು ಒಳಗೆ ಹೋಗಬಾರದು. ಯಾವ ವಸ್ತುವನ್ನೂ ಮುಟ್ಟಬಾರದು, ತೊಳೆಯಬಾರದು, ಸರಿಸಬಾರದು. ಮನೆಯವರನ್ನು ಸಂತೈಸುವುದಾದರೆ ಅವರನ್ನು ನಮ್ಮ ಮನೆಗೆ ಕರೆತಂದು ಸಂತೈಸೋಣ. ಸಾವಿನ ಕೋಣೆಯಲ್ಲಿ ಗುಂಪುಗೂಡುವುದು ಸತ್ತವರಿಗೆ ದೊರೆಯಬಹುದಾದ ನ್ಯಾಯವನ್ನು ಕಾಲಿನಿಂದ ಅಳಿಸಿದಂತೆ.

ಎರಡನೆಯದಾಗಿ, ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿಡಬೇಕು. ನಾವು ಕಣ್ಣಾರೆ ಕಂಡದ್ದೇನು, ಎಷ್ಟು ಹೊತ್ತಿಗೆ ಕಂಡೆವು ಎಂಬುದನ್ನು ಅದೇ ದಿನ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ಜನರೊಡನೆ ಚರ್ಚಿಸಿದ ಮೇಲೆ ನಮ್ಮ ನೆನಪಿನೊಳಗೆ ಅವರ ಮಾತೂ ಬೆರೆತು, ಯಾವುದು ಕಂಡದ್ದು ಯಾವುದು ಕೇಳಿದ್ದು ಎಂಬುದು ನಮಗೇ ತಿಳಿಯದಾಗುತ್ತದೆ. ನಿಜವಾಗಿ ಏನನ್ನಾದರೂ ಬಲ್ಲವರು ಠಾಣೆಯ ಭಯದಿಂದ ಹಿಂಜರಿಯಬಾರದು. ಸ್ತ್ರೀಯರನ್ನು, ಹದಿನೈದು ವರ್ಷದೊಳಗಿನ ಬಾಲಕರನ್ನು, ಅರವತ್ತು ವರ್ಷ ಮೀರಿದ ಹಿರಿಯರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರು ವಾಸಿಸುವಲ್ಲಿಗೇ ಪೊಲೀಸರು ಬಂದು ವಿಚಾರಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಪೊಲೀಸರು ಬರೆದುಕೊಂಡ ಅಂಥ ಹೇಳಿಕೆಗೆ ಸಹಿ ಹಾಕಬೇಕಾದ ಅಗತ್ಯವೂ ಇಲ್ಲ.

ಮೂರನೆಯದಾಗಿ, ಹೆಸರು ಹೇಳುವ ಮುನ್ನ ಯೋಚಿಸಬೇಕು. ಸುಳ್ಳು ಆರೋಪದಿಂದ ಮಾನ ಕಳೆಯುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಪ್ರಕಾರ ಅದಕ್ಕೆ ಎರಡು ವರ್ಷಗಳವರೆಗೆ ಸಾದಾ ಸೆರೆಮನೆ ವಾಸ ವಿಧಿಸಬಹುದು. ಸತ್ತವರ ಮೇಲೆ ಅವರ ಬಂಧುಗಳ ಮನಸ್ಸನ್ನು ನೋಯಿಸುವ ಉದ್ದೇಶದಿಂದ ಹೊರಿಸಿದ ಅಪವಾದವೂ ಮಾನನಷ್ಟವಾಗಬಹುದೆಂದು ಅದೇ ಕಲಮು ವಿವರಿಸುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲಿ ಬಂದ ಸಂದೇಶವನ್ನು ಮುಂದೆ ಕಳುಹಿಸುವಾಗ ಕೂಡ ಆ ಮಾತಿನ ಹೊಣೆಯಲ್ಲಿ ನಾವು ಪಾಲುದಾರರಾಗುತ್ತೇವೆ.

ಮನೆಯಲ್ಲಿ ಮಕ್ಕಳು ನಮ್ಮ ಮಾತನ್ನು ಆಲಿಸುತ್ತಿರುತ್ತಾರೆ ಎಂಬುದನ್ನೂ ನೆನಪಿಡಬೇಕು. ಊಟದ ಹೊತ್ತಿನಲ್ಲಿ ಹಿರಿಯರು ನೆರೆಯವರ ಮೇಲೆ ತೀರ್ಪು ನೀಡುವುದನ್ನು ಕೇಳಿ ಬೆಳೆದ ಮಗುವು ತೀರ್ಪು ನೀಡುವುದು ಸುಲಭವೆಂದು ಕಲಿಯುತ್ತದೆ. 'ನಮಗೆ ತಿಳಿಯದು, ತಿಳಿದವರು ಹೇಳಲಿ' ಎಂದು ತಂದೆಯಾಗಲಿ ತಾಯಿಯಾಗಲಿ ಒಮ್ಮೆ ಹೇಳಿದರೆ, ಆ ಮಗುವು ಸತ್ಯಕ್ಕೆ ಕಾಯುವುದನ್ನು ಕಲಿಯುತ್ತದೆ. ಮನೆಗೆಲಸಕ್ಕೆ ಬರುವವರ ಎದುರಿನಲ್ಲಿಯೂ ಹಿಂದಿನಲ್ಲಿಯೂ ನಾವು ಆಡುವ ಮಾತು ಒಂದೇ ಆಗಿದ್ದರೆ, ನಂಬಿಕೆ ಎಂದರೇನೆಂಬುದನ್ನೂ ಅದು ಕಲಿಯುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಕಣ್ಣಿಗೆ ಕಂಡದ್ದಕ್ಕೇ ಪ್ರಮಾಣ ಬೇಕೆಂದವರು, ಕಾಣದೆ ಕಲ್ಪಿಸಿದ್ದಕ್ಕೆ ಏನೆನ್ನುತ್ತಿದ್ದರು? ನೋಯ್ಡಾದ ಆ ಮನೆಯಲ್ಲಿ ಎರಡು ಜೀವಗಳು ಹೋದವು. ಅವರಲ್ಲಿ ಒಬ್ಬಳು ತನ್ನ ಹೆಸರಿಗೆ ಅಂಟಿದ ಅಪವಾದವನ್ನು ತೊಳೆದುಕೊಳ್ಳಲಾರದ ಬಾಲಕಿ. ಇನ್ನೊಬ್ಬರು ತಮ್ಮ ಕೊಲೆಯ ದಿನವೇ ಕೊಲೆಗಾರರೆನಿಸಿಕೊಂಡ ದುಡಿಮೆಗಾರರು. ಅವರಿಬ್ಬರಿಗೂ ನ್ಯಾಯ ದೊರಕಿಸುವ ಶಕ್ತಿ ನಮ್ಮ ಕೈಯಲ್ಲಿಲ್ಲ. ನಮ್ಮ ನೆರೆಯಲ್ಲಿ ಇನ್ನೊಬ್ಬರಿಗೆ ಅಂಥ ಅನ್ಯಾಯವಾಗದಂತೆ ನಮ್ಮ ನಾಲಿಗೆಯನ್ನು ಹಿಡಿಯುವ ಶಕ್ತಿಯಾದರೂ ನಮ್ಮಲ್ಲಿದೆ. ಅದನ್ನು ಇಂದಿನಿಂದಲೇ ಬಳಸೋಣ.